ಐವತ್ತು ಪೈಸೆಯ ದಾಳಿ

ನಮ್ಮ ಹಾಸ್ಟೆಲ್‌ನಲ್ಲಿ ಚೆಸ್ ಅಂದ್ರೆ ಮೊಬೈಲ್. ರಾತ್ರಿ ಊಟ ಆದ ಮೇಲೆ ಮೆಸ್ ಕಟ್ಟೆ ಮೇಲೆ ಕೂತವರ ಕೈಯಲ್ಲಿ ಮೂರು ನಿಮಿಷದ ಬ್ಲಿಟ್ಜ್, ಒಂದು ನಿಮಿಷದ ಬುಲೆಟ್ ಓಡ್ತಾ ಇರುತ್ತೆ. ಸೋತವನು "ನೆಟ್ ಸ್ಲೋ ಇತ್ತು ಮಗಾ" ಅಂತಾನೆ, ಗೆದ್ದವನು ಆಗಲೇ ಮುಂದಿನ ಆಟಕ್ಕೆ ಹೋಗಿರ್ತಾನೆ. ನಾನೂ ಆಡ್ತೀನಿ, ಅದರ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಕಳೆದ ಸೆಪ್ಟೆಂಬರ್‌ನಿಂದ ಇನ್ನೊಂದು ಆಟ ನಡೀತಾ ಇದೆ. ಅದರಲ್ಲಿ ನನ್ನ ನಡೆ ಹೋಗಿ ಮುಟ್ಟೋಕೆ ನಾಲ್ಕು ದಿನ, ಉತ್ತರ ಬರೋಕೆ ಇನ್ನೂ ನಾಲ್ಕೈದು ದಿನ. ಖರ್ಚು ಒಂದು ನಡೆಗೆ ಐವತ್ತು ಪೈಸೆ. ಎದುರಾಳಿ ನ್ಯಾಮತಿಯಲ್ಲಿರೋ ನಮ್ಮ ದೊಡ್ಡಪ್ಪ.

ಇದಕ್ಕೆ ಕರೆಸ್ಪಾಂಡೆನ್ಸ್ ಚೆಸ್ ಅಂತಾರೆ, ಅಂಚೆ ಚೆಸ್ ಅಂತ ಕರೆದರೆ ಸಾಕು. ಇಬ್ಬರ ಮನೆಯಲ್ಲೂ ಒಂದೊಂದು ಬೋರ್ಡ್ ಇರುತ್ತೆ. ಕಾರ್ಡಿನಲ್ಲಿ ಬಂದ ನಡೆಯನ್ನ ಬೋರ್ಡಿನ ಮೇಲೆ ಆಡಿ, ಬೇಕಾದಷ್ಟು ಹೊತ್ತು ತಲೆ ಕೆಡಿಸಿಕೊಂಡು, ತನ್ನ ನಡೆ ಬರೆದು ಪೋಸ್ಟ್ ಡಬ್ಬಿಗೆ ಹಾಕೋದು. ಬರೆಯೋದು ಹೇಗೆ ಅನ್ನೋದು ನನಗೆ ಮೊದಲು ಖುಷಿ ಕೊಟ್ಟ ವಿಷಯ. ದೇಶದಿಂದ ದೇಶಕ್ಕೆ ಆಡುವಾಗ ಒಬ್ಬನಿಗೆ ಕುದುರೆ 'ನೈಟ್', ಇನ್ನೊಬ್ಬನಿಗೆ 'ಸ್ಪ್ರಿಂಗರ್', ರಷ್ಯದವನಿಗೆ 'ಕೋನ್'. ಈ ರಗಳೆಯೇ ಬೇಡ ಅಂತ ಅಂಚೆ ಚೆಸ್‌ನವರು ಬರೀ ಅಂಕಿ ಇಟ್ಟುಕೊಂಡರು. ಎಡಗಡೆಯ ಮೊದಲ ಸಾಲು 1, ಕೊನೆಯ ಸಾಲು 8. ಕೆಳಗಿನಿಂದ ಮೇಲಕ್ಕೂ 1ರಿಂದ 8. ಹಾಗಾಗಿ ಇ2 ಅಂದ್ರೆ 52, ಇ4 ಅಂದ್ರೆ 54. ರಾಜನ ಮುಂದಿನ ಕಾಲಾಳನ್ನ ಎರಡು ಮನೆ ತಳ್ಳಿದರೆ 5254. ಮುಗೀತು. ದೊಡ್ಡಪ್ಪ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಇದನ್ನ ತೋರಿಸಿದಾಗ "ಮ್ಯಾಟ್ರಿಕ್ಸ್ ಕಣೋ ಇದು" ಅಂದ್ರು. ಆಮೇಲೆ ಬೇರೆ ಥರ ಬರೆಯೋಕೆ ಒಪ್ಪಲೇ ಇಲ್ಲ.

ಅಂಚೆಯಲ್ಲಿ ಆಡೋ ಹುಚ್ಚು ಹಳೇದು. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೊ ಚೆಸ್ ಕ್ಲಬ್ಬುಗಳು ಪತ್ರದಲ್ಲಿ ಆಡೋಕೆ ಶುರು ಮಾಡಿ, ಐದು ಆಟ ಮುಗಿಸೋ ಹೊತ್ತಿಗೆ 1828 ಆಗಿತ್ತು. ನಾವು ಬಿ.ಇ. ಮುಗಿಸೋಷ್ಟೇ ಟೈಮು. ಎಡಿನ್‌ಬರೊ ಎರಡು ಗೆದ್ದು, ಒಂದು ಸೋತು, ಎರಡು ಡ್ರಾ ಮಾಡಿಕೊಂಡಿತು. ಇವತ್ತು ನಾವು 'ಸ್ಕಾಚ್ ಗೇಮ್' ಅನ್ನೋ ಓಪನಿಂಗಿಗೆ ಹೆಸರು ಬಂದದ್ದು ಅಲ್ಲಿಂದ. ತಮಾಷೆ ಅಂದ್ರೆ, ಆ ನಡೆಯನ್ನ ಮೊದಲು ಆಡಿಸಿದ್ದು ಲಂಡನ್ ಕಡೆಯ ಜಾನ್ ಕಾಕ್ರನ್. ಅವನು ಪಂದ್ಯ ಅರ್ಧಕ್ಕೆ ಬಿಟ್ಟು ಇಂಡಿಯಾಕ್ಕೆ ಹಡಗು ಹತ್ತಿದ. ಅವನ ಅಸ್ತ್ರವನ್ನ ಸ್ಕಾಟ್‌ಲೆಂಡಿನವರು ಎತ್ತಿಕೊಂಡು ಅವನ ಊರಿನವರ ಮೇಲೇ ಬಿಟ್ಟರು. ಆಮೇಲೆ ಕಲ್ಕತ್ತೆಯಲ್ಲಿ ವಕೀಲಿ ಮಾಡ್ಕೊಂಡಿದ್ದ ಕಾಕ್ರನ್‌ಗೆ ಮೋಹೇಶ್‌ಚಂದ್ರ ಬ್ಯಾನರ್ಜಿ ಅನ್ನೋ ಬಂಗಾಳಿ ಆಟಗಾರ ಸಿಕ್ಕಿದ. ಬ್ಯಾನರ್ಜಿ ಕಾಲಾಳುಗಳನ್ನ ಒಂದೊಂದೇ ಮನೆ ನಡೆಸಿ, ಒಂಟೆಯನ್ನ ಮೂಲೆಯ ಉದ್ದ ಕರ್ಣದಲ್ಲಿ ಕೂರಿಸಿ ಆಡ್ತಿದ್ದ. ಇವತ್ತಿನ 'ಇಂಡಿಯನ್ ಡಿಫೆನ್ಸ್'ಗಳಿಗೆ ಆ ಹೆಸರು ಬಂದದ್ದು ಅವನ ಆಟಗಳಿಂದ. ನಮ್ಮ ಹಳೇ ಚದುರಂಗದಲ್ಲಿ ಕಾಲಾಳಿಗೆ ಎರಡು ಮನೆ ಜಿಗಿಯೋ ಹಕ್ಕಿರಲಿಲ್ಲ, ಅದಕ್ಕೇ ಹಾಗಾಡಿದ ಅಂತ ಹೇಳೋದುಂಟು.

ದೊಡ್ಡಪ್ಪ ಕಲಿತದ್ದೂ ಆ ಹಳೇ ಚದುರಂಗವೇ. ಜಗಲಿ ಮೇಲೆ ಇದ್ದಿಲಲ್ಲಿ ಗೆರೆ ಹೊಡೆದು ಅವರಪ್ಪ ಕಲಿಸಿದ್ದಂತೆ. ಅದರಲ್ಲಿ ಕೋಟೆ ಕಟ್ಟೋದು ಅಂತ ಇಲ್ಲ. ಬದಲಿಗೆ ರಾಜ ಒಂದೇ ಒಂದು ಸಲ ಕುದುರೆ ಥರ ಹಾರಬಹುದು. ಆಮೇಲೆ ಶಿವಮೊಗ್ಗದಲ್ಲಿ ಓದುವಾಗ ನವಕರ್ನಾಟಕದ ಪುಸ್ತಕ ಪ್ರದರ್ಶನದಲ್ಲಿ ಸೋವಿಯತ್ ಚೆಸ್ ಪುಸ್ತಕವೊಂದು ಸಿಕ್ಕಿ ಹೊಸ ನಿಯಮ ಗೊತ್ತಾಯ್ತು. ಆ ಪುಸ್ತಕ ಈಗಲೂ ಇದೆ, ರಟ್ಟಿಲ್ಲ. ಅದರಲ್ಲಿ ಕೊಳೆಯಾಗಿರೋದು ಕಾಯಿ ಬಲಿ ಕೊಡೋ ಅಧ್ಯಾಯಗಳ ಹಾಳೆಗಳು ಮಾತ್ರ. ಓಪನಿಂಗ್ ಭಾಗ ನಿನ್ನೆ ಪ್ರೆಸ್ಸಿನಿಂದ ಬಂದ ಹಾಗಿದೆ.

ಯಾಕೆಂದರೆ ದೊಡ್ಡಪ್ಪನಿಗೆ ಬೇಕಾಗಿರೋದು ದಾಳಿ. ನಾನು ಪ್ರೈಮರಿ ಸ್ಕೂಲಲ್ಲಿದ್ದಾಗಿಂದ ಅವರು ಆಡ್ತಾ ಬಂದದ್ದು ಒಂದೇ ಓಪನಿಂಗ್: ಒಂಟೆಯನ್ನ ಸಿ4ಕ್ಕೆ ತರೋದು, ಕುದುರೆಯನ್ನ ಜಿ5ಕ್ಕೆ ಹಾರಿಸೋದು, ಎರಡೂ ಸೇರಿ ಎಫ್7ರ ಬಡಪಾಯಿ ಕಾಲಾಳಿನ ಮೇಲೆ ಕಣ್ಣು ಹಾಕೋದು. ನಾನು ಡಿ5ರಲ್ಲಿ ಕುದುರೆಯಿಂದ ಹೊಡೆದುಕೊಂಡೆನೋ, ಇವರು ಎಫ್7ರಲ್ಲಿ ಕುದುರೆ ಕೊಟ್ಟೇ ಬಿಡ್ತಿದ್ರು. ನನ್ನ ರಾಜ ಅದನ್ನ ತಿಂದು ಬೀದಿಗೆ ಬರಬೇಕು, ಮಂತ್ರಿ ಎಫ್3ಕ್ಕೆ ಬಂದು ಚೆಕ್ ಕೊಡಬೇಕು, ರಾಜ ಇ6ರವರೆಗೆ ನಡೀಬೇಕು. 'ಫ್ರೈಡ್ ಲಿವರ್' ಅಂತ ಇದರ ಹೆಸರು. ಲಿಂಗಾಯತರ ಮನೆ, ಆ ಹೆಸರನ್ನ ದೊಡ್ಡಮ್ಮನ ಎದುರು ಹೇಳಂಗಿಲ್ಲ. ಎದುರಿಗೆ ಕೂತು ಆಡುವಾಗ ಅದು ಭಯ ಹುಟ್ಟಿಸೋ ಆಟ. ದೊಡ್ಡಪ್ಪ ಕಾಯಿಯನ್ನ ಇಡಲ್ಲ, ಕುಟ್ತಾರೆ. ಕುಟ್ಟಿ, ಬಾಯಿಗೆ ಅಡಿಕೆ ಹೋಳು ಹಾಕ್ಕೊಂಡು ನಮ್ಮ ಮುಖ ನೋಡ್ತಾರೆ. ಅರ್ಧ ಆಟ ಅಲ್ಲೇ ಹೋಗುತ್ತೆ.

ಅಂಚೆಯಲ್ಲಿ ಈ ಕುಟ್ಟೋದು ನಡೆಯಲ್ಲ. ನನಗೆ ಅಂಚೆ ಚೆಸ್ ಇಷ್ಟ ಆಗಿದ್ದೂ, ಅವರಿಗೆ ಅದು ಕಷ್ಟ ಆಗಿದ್ದೂ ಈ ಕಾರಣಕ್ಕೇ. ಕಾರ್ಡ್ ಬಂದಾಗ ಅದರಲ್ಲಿರೋದು ನಾಲ್ಕು ಅಂಕಿ. ಅದಕ್ಕೆ ಸದ್ದಿಲ್ಲ, ಮುಖ ಇಲ್ಲ. ನಾನು ಹೋಗಿ ಸ್ನಾನ ಮಾಡಿ, ಲ್ಯಾಬ್ ಮುಗಿಸಿ, ರಾತ್ರಿ ಬಂದು ಬೋರ್ಡ್ ಮುಂದೆ ಕೂತು "ಸರಿ, ನಿಜವಾಗ್ಲೂ ಇಲ್ಲೇನಾದ್ರೂ ಐತಾ?" ಅಂತ ನಿಧಾನಕ್ಕೆ ಕೇಳ್ಕೋಬಹುದು. ಎದುರಾಳಿ ಹೆದರಲಿ ಅಂತ ಮಾಡಿದ ದಾಳಿ ಇಲ್ಲಿ ಮೂರನೇ ದಿನಕ್ಕೆ ಬಣ್ಣ ಬಿಡುತ್ತೆ. ಅಂಚೆಯಲ್ಲಿ ದಾಳಿ ಮಾಡಿದರೆ ಅದು ನಿಜವಾದ ದಾಳಿ ಆಗಿರಬೇಕು.

ಅಂಚೆ ಚೆಸ್‌ನಲ್ಲಿ ಪುಸ್ತಕ ನೋಡಿ ಆಡೋದು ಮೊದಲಿನಿಂದಲೂ ತಪ್ಪಲ್ಲ. ಕಂಪ್ಯೂಟರ್ ವಿಷಯವೇ ಬೇರೆ. ಅಂತರರಾಷ್ಟ್ರೀಯ ಅಂಚೆ ಚೆಸ್ ಸಂಸ್ಥೆ ಐಸಿಸಿಎಫ್ ಈಗ ಎಂಜಿನ್ ಬಳಸೋಕೆ ಬಿಡುತ್ತೆ, ಆಟವೂ ಪೋಸ್ಟಿನಿಂದ ಸರ್ವರ್‌ಗೆ ಬಂದಿದೆ. ಪರಿಣಾಮವಾಗಿ ಮೇಲಿನ ಹಂತದಲ್ಲಿ ಬಹುತೇಕ ಎಲ್ಲ ಆಟ ಡ್ರಾ. ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ದೊಡ್ಡಪ್ಪ ಹಾಕಿದ ಷರತ್ತು ಒಂದೇ: "ಪುಸ್ತಕ ನೋಡ್ಕೋ. ಮಷಿನ್ ನೋಡಂಗಿಲ್ಲ."

"ನಾನು ನೋಡಿದ್ರೆ ನಿಮಗೆ ಹೆಂಗೆ ಗೊತ್ತಾಗುತ್ತೆ ದೊಡ್ಡಪ್ಪ?"

"ಗೊತ್ತಾಗಲ್ಲ. ಫೋನಲ್ಲಾದ್ರೆ ನೋಡಿ ಒತ್ತಿ ಬಿಡ್ತೀಯ, ನಿಂಗೂ ಮರ್ತು ಹೋಗುತ್ತೆ. ಕಾರ್ಡಾದ್ರೆ ಅದನ್ನ ಬರೀಬೇಕು, ಡಬ್ಬಿತಂಕ ನಡೀಬೇಕು, ನಾಕು ದಿನ ಕಾಯಬೇಕು. ಅಷ್ಟೂ ದಿನ ನಾಚಿಕೆ ಆಗುತ್ತೆ."

ಇಲ್ಲಿಯವರೆಗೆ ನಾನು ನೋಡಿಲ್ಲ.

ದೊಡ್ಡಪ್ಪನದು ಬಿಳಿ. ಮೊದಲ ಕಾರ್ಡಿನಲ್ಲಿ 5254, ಕೆಳಗೆ "ಊಟ ಸರಿ ಮಾಡು". ಒಂದೊಂದು ನಡೆಗೆ ಒಂದೊಂದು ಕಾರ್ಡ್ ಅಂದ್ರೆ ನನ್ನ ಡಿಗ್ರಿ ಮುಗಿದರೂ ಆಟ ಮುಗಿಯಲ್ಲ. ಅದಕ್ಕೆ ಅಂಚೆಯವರ ಹತ್ತಿರ ಒಂದು ಉಪಾಯ ಇದೆ: 'ಇಫ್' ನಡೆ. ನೀವು ಹೀಗಾಡಿದರೆ ನಾನು ಹೀಗೆ ಅಂತ ಮೊದಲೇ ಬರೆದುಬಿಡೋದು. ಪ್ರೋಗ್ರಾಮಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ಕಲಿತ ಅದೇ ಇಫ್. ನಾನು ಬರೆದೆ: "5755. ನೀವು 7163 ಆದರೆ 2836. 6134 ಆದರೆ 7866." ಒಂಬತ್ತು ದಿನಕ್ಕೆ ಉತ್ತರ ಬಂತು: "ಎಲ್ಲ ಒಪ್ಪಿದೆ. 6375." ಜಿ5ಕ್ಕೆ ಕುದುರೆ! ಎರಡನೇ ಕಾರ್ಡಿಗೇ ನಮ್ಮ ಹಳೇ ಬೀದಿಗೆ ಬಂದು ನಿಂತಿದ್ವಿ.

ಈ ಕುದುರೆ ನಡೆಯನ್ನ ಟಾರಾಶ್ ಅನ್ನೋ ಜರ್ಮನ್ ದಿಗ್ಗಜ ದಡ್ಡರ ನಡೆ ಅಂತ ಬೈದಿದ್ದ. ಆದರೂ ನೂರಾರು ವರ್ಷದಿಂದ ಜನ ಆಡ್ತಾನೇ ಇದ್ದಾರೆ, ಯಾಕೆಂದರೆ ಬಿಳಿಗೆ ಒಂದು ಕಾಲಾಳು ಸಿಕ್ಕೇ ಸಿಗುತ್ತೆ. ಪ್ರಶ್ನೆ ಇರೋದು ಆ ಒಂದು ಕಾಲಾಳಿಗೆ ಕಪ್ಪು ಏನು ಪಡಕೊಳ್ತಾನೆ ಅನ್ನೋದರಲ್ಲಿ. ಇಡೀ 'ಟೂ ನೈಟ್ಸ್ ಡಿಫೆನ್ಸ್' ಥಿಯರಿ ಈ ಒಂದು ಲೆಕ್ಕದ ಸುತ್ತ ಬೆಳೆದಿದೆ. ಅಂದ್ರೆ ಥಿಯರಿ ಪ್ರಕಾರ ಇಲ್ಲಿ ದಾಳಿಕೋರ ಬಿಳಿ ಅಲ್ಲ, ಕಪ್ಪು. ನಾನು ಬರೆದೆ: "4745. ನೀವು 5445 ಆದರೆ 2725." ಡಿ5ರಲ್ಲಿ ಹೊಡೆದ ಕಾಲಾಳನ್ನ ವಾಪಸ್ ಹೊಡೆಯದೆ, ಬಿ5ಕ್ಕೆ ಇನ್ನೊಂದು ಕಾಲಾಳನ್ನ ಒಂಟೆಯ ಬಾಯಿಗೆ ತಳ್ಳೋದು.

ಅದನ್ನ ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಒಂದು ಹಳೇ ಆಟ. 1965ರಲ್ಲಿ ಶುರುವಾದ ಐದನೇ ವಿಶ್ವ ಅಂಚೆ ಚಾಂಪಿಯನ್‌ಶಿಪ್. ಬಿಳಿ: ಮಾಸ್ಕೋದ ಯಾಕೊವ್ ಎಸ್ಟ್ರಿನ್. ಕಪ್ಪು: ಅಮೆರಿಕದ ಹಾನ್ಸ್ ಬರ್ಲಿನರ್. ಎಸ್ಟ್ರಿನ್ ಸಾಮಾನ್ಯನಲ್ಲ, ಇದೇ ಟೂ ನೈಟ್ಸ್ ಡಿಫೆನ್ಸ್ ಬಗ್ಗೆ ಪುಸ್ತಕ ಬರೆದವನು, ಮುಂದೆ ತಾನೇ ಅಂಚೆ ಚೆಸ್‌ನ ವಿಶ್ವ ಚಾಂಪಿಯನ್ ಆದವನು. ಅಂಥವನ ಎದುರು ಅವನದೇ ಓಪನಿಂಗ್ ಆಡೋದು ಅಂದ್ರೆ ಸಬ್ಜೆಕ್ಟ್ ಟೆಕ್ಸ್ಟ್‌ಬುಕ್ ಬರೆದ ಪ್ರೊಫೆಸರ್ ಹತ್ತಿರ ವೈವಾಕ್ಕೆ ಹೋಗಿ ನಾವೇ ಪ್ರಶ್ನೆ ಕೇಳಿದ ಹಾಗೆ. ಬರ್ಲಿನರ್ ಅದನ್ನೇ ಮಾಡಿದ. ಬಿ5ಕ್ಕೆ ಕಾಲಾಳು ತಳ್ಳಿದ. ಎಸ್ಟ್ರಿನ್ ಅದನ್ನ ಹೊಡೆಯಲಿಲ್ಲ. ಪುಸ್ತಕ ಹೇಳೋ ಹಾಗೆ ಒಂಟೆಯನ್ನ ಎಫ್1ಕ್ಕೆ, ಹೊರಟ ಮನೆಗೇ ವಾಪಸ್ ಕರೆಸಿಕೊಂಡ. ನೋಡೋಕೆ ವಿಚಿತ್ರ, ಆದರೆ ಅಲ್ಲಿ ಕೂತರೆ ಜಿ2ರ ಕಾಲಾಳಿಗೆ ಕಾವಲು ಇರುತ್ತೆ.

ಹತ್ತನೇ ನಡೆ ಹೊತ್ತಿಗೆ ಬೋರ್ಡ್ ಹೀಗಿತ್ತು: ಬರ್ಲಿನರ್‌ನ ಡಿ4ರ ಕುದುರೆ ಒಂದು ಕಾಲಾಳಿನ ಬಾಯಲ್ಲಿ, ಜಿ4ರ ಒಂಟೆ ಇನ್ನೊಂದು ಕಾಲಾಳಿನ ಬಾಯಲ್ಲಿ. ಯಾರೇ ಆದರೂ ಒಂದನ್ನಾದರೂ ಉಳಿಸಿಕೊಳ್ಳೋಕೆ ನೋಡ್ತಾರೆ. ಇವನು ಎರಡನ್ನೂ ಅಲ್ಲೇ ಬಿಟ್ಟು ಇ5ರ ಕಾಲಾಳನ್ನ ಇ4ಕ್ಕೆ ತಳ್ಳಿದ. ಸಾಲದ್ದಕ್ಕೆ ಎರಡು ನಡೆ ಆದ ಮೇಲೆ ಚೆಕ್ ಬಂದು ಅವನ ರಾಜ ಡಿ8ಕ್ಕೆ ಸರಿದು, ಕೋಟೆ ಕಟ್ಟೋ ಹಕ್ಕೂ ಹೋಯ್ತು. ಇದು ಬೋರ್ಡ್ ಮುಂದೆ ಹೊಳೆದ ಹುಂಬತನ ಅಲ್ಲ. ಮನೆಯಲ್ಲೇ ಅಗೆದು, ತಿರುಗಿಸಿ, ಪರೀಕ್ಷೆ ಮಾಡಿ ಇಟ್ಟುಕೊಂಡಿದ್ದ ನಡೆ. ಎಸ್ಟ್ರಿನ್‌ಗೆ ಯೋಚನೆ ಮಾಡೋಕೆ ದಿನಗಟ್ಟಲೆ ಟೈಮ್ ಇತ್ತು, ಮಾಸ್ಕೋದ ಪುಸ್ತಕಗಳಿದ್ದವು. ಆದರೂ ಆಗಲಿಲ್ಲ.

ಈ ಆಟದಲ್ಲಿ ನನಗೆ ಬಹಳ ದಿನ ಅರ್ಥ ಆಗದೇ ಇದ್ದದ್ದು ಕೊನೆ ಭಾಗ. ಇಷ್ಟೆಲ್ಲ ಬೆಂಕಿ ಹಚ್ಚಿದವನು ರಾಜನನ್ನ ಬೋರ್ಡ್ ಮಧ್ಯೆ ಚೆಕ್‌ಮೇಟ್ ಮಾಡಬೇಕಲ್ವಾ? ಮಾಡಲಿಲ್ಲ. 28ನೇ ನಡೆಗೆ ಎರಡೂ ಮಂತ್ರಿಗಳು ಬೋರ್ಡಿನಿಂದ ಇಳಿದವು. ಉಳಿದದ್ದು ಒಂದೊಂದು ಆನೆ, ಒಂದಿಷ್ಟು ಕಾಲಾಳು. ಬರ್ಲಿನರ್ ಹತ್ತಿರ ಒಂದು ಕಾಲಾಳು ಜಾಸ್ತಿ, ಅಷ್ಟೇ. ಅದನ್ನೂ ಬೇಕಾದಾಗ ಬಿಟ್ಟುಕೊಟ್ಟು, ರಾಜನನ್ನ ಮುಂದೆ ನಡೆಸಿ, 42ನೇ ನಡೆಗೆ ಎಸ್ಟ್ರಿನ್ ಸೋಲೊಪ್ಪಿಕೊಳ್ಳೋ ಹಾಗೆ ಮಾಡಿದ. ಎದುರಿನವನು ಸರಿಯಾದ ರಕ್ಷಣೆ ಹುಡುಕಿಕೊಂಡರೂ ಏನಾದರೂ ಉಳಿಯೋ ದಾಳಿ ಅದು. ಆ ಚಾಂಪಿಯನ್‌ಶಿಪ್ ಅವನದೇ ಆಯ್ತು: 16 ಆಟ, 12 ಗೆಲುವು, 4 ಡ್ರಾ, ಸೋಲು ಒಂದೂ ಇಲ್ಲ.

ನಮ್ಮ ಬ್ರಾಂಚಿನವರಿಗೆ ಬರ್ಲಿನರ್ ಇನ್ನೂ ಒಂದು ಕಾರಣಕ್ಕೆ ಗೊತ್ತಿರಬೇಕು. 1929ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಬಂದ ಹುಡುಗ. 1974ರಲ್ಲಿ, ತನ್ನ ನಲವತ್ತೈದನೇ ವಯಸ್ಸಿನಲ್ಲಿ, ಕಾರ್ನೆಗಿ ಮೆಲನ್‌ನಲ್ಲಿ ಅಲೆನ್ ನ್ಯೂವೆಲ್ ಹತ್ತಿರ ಪಿಎಚ್‌ಡಿ ಮುಗಿಸಿದ. ವಿಷಯ ಕಂಪ್ಯೂಟರ್ ಚೆಸ್ಸೇ. (ಬ್ಯಾಕ್‌ಲಾಗ್ ಇರೋ ಗೆಳೆಯರು ಆ ವಯಸ್ಸನ್ನ ಇನ್ನೊಂದ್ಸಲ ಓದಿಕೊಳ್ಳಬಹುದು.) 1979ರಲ್ಲಿ ಅವನ ಪ್ರೋಗ್ರಾಮ್ ಬ್ಯಾಕ್‌ಗ್ಯಾಮನ್ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾನನ್ನ ಸೋಲಿಸಿತು. ಎಂಬತ್ತರ ದಶಕದಲ್ಲಿ ಅವನ ತಂಡ 'ಹೈಟೆಕ್' ಅನ್ನೋ ಚೆಸ್ ಯಂತ್ರ ಕಟ್ಟಿತು. ಅದೇ ಕ್ಯಾಂಪಸ್‌ನಲ್ಲಿ ಪೈಪೋಟಿಗೆ ಬಿದ್ದ ವಿದ್ಯಾರ್ಥಿಗಳು ಕಟ್ಟಿದ್ದು 'ಡೀಪ್ ಥಾಟ್'. ಅದರ ಮುಂದಿನ ತಲೆಮಾರು 1997ರಲ್ಲಿ ಕಾಸ್ಪರೋವ್‌ನನ್ನ ಸೋಲಿಸಿದ ಐಬಿಎಂನ 'ಡೀಪ್ ಬ್ಲೂ'. ಮನುಷ್ಯ ಒಬ್ಬನೇ ಕೂತು ಅಂಚೆಯಲ್ಲಿ ಎಷ್ಟು ಆಳಕ್ಕೆ ಹೋಗಬಹುದು ಅಂತ ತೋರಿಸಿದವನೇ, ಮನುಷ್ಯ ಒಬ್ಬನೇ ಕೂರೋದಕ್ಕೆ ಅರ್ಥ ಇಲ್ಲದ ಹಾಗೆ ಮಾಡೋ ಕೆಲಸಕ್ಕೂ ಕೈ ಹಾಕಿದ. ಅವನಿಗೆ ಅದರಲ್ಲಿ ವಿರೋಧಾಭಾಸ ಕಂಡಿರಲಿಕ್ಕಿಲ್ಲ ಅಂತ ನನ್ನ ಅನಿಸಿಕೆ. ಎರಡರಲ್ಲೂ ಅವನಿಗೆ ಬೇಕಿದ್ದದ್ದು ಸರಿ ಉತ್ತರ. ನನಗೆ ಮಾತ್ರ ದೊಡ್ಡಪ್ಪನ ಜೊತೆ ಆಡುವಾಗ ಸರಿ ಉತ್ತರ ಒಂದೇ ಸಾಕಾಗಲ್ಲ.

ಇದಿಷ್ಟನ್ನೂ ತಲೆಯಲ್ಲಿಟ್ಟುಕೊಂಡು, ಹತ್ತನೇ ನಡೆಯವರೆಗೆ ಬಾಯಿಪಾಠ ಮಾಡಿಕೊಂಡು ಕಾಯ್ತಾ ಇದ್ದೆ. ದೊಡ್ಡಪ್ಪನ ಮೂರನೇ ಕಾರ್ಡ್ ಬಂತು: "3425. ಬಿಟ್ಟಿ ಬಂದದ್ದನ್ನ ಬಿಡೋ ಜಾಯಮಾನ ನಮ್ಮದಲ್ಲ."

ಒಂಟೆಯಿಂದ ಬಿ5ರ ಕಾಲಾಳನ್ನ ತಿಂದೇ ಬಿಟ್ಟಿದ್ರು. ಎಸ್ಟ್ರಿನ್, ಬರ್ಲಿನರ್, ಇ4ರ ಬ್ರಹ್ಮಾಸ್ತ್ರ ಎಲ್ಲ ಆರನೇ ನಡೆಗೇ ಮುಗೀತು. ಥಿಯರಿ ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನ ಪುಸ್ತಕ ತೀರ್ಮಾನ ಮಾಡಲ್ಲ, ಎದುರಿಗಿರೋ ಮನುಷ್ಯ ಮಾಡ್ತಾನೆ. ನಾನು ಮಂತ್ರಿಯಿಂದ ಡಿ5ರಲ್ಲಿ ಹೊಡೆದೆ. ಒಂದೇ ಏಟಿಗೆ ಬಿ5ರ ಒಂಟೆಗೂ ಜಿ2ರ ಕಾಲಾಳಿಗೂ ಗುರಿ. ಅವರು ಸಿ6ರ ಕುದುರೆಯನ್ನ ತಿಂದು ಚೆಕ್ ಕೊಟ್ಟರು, ನಾನು ಮಂತ್ರಿಯಿಂದ ವಾಪಸ್ ತಿಂದೆ. ಅವರು ಕೋಟೆ ಕಟ್ಟಿದರು. ಈ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿತ್ತು. ಕಾರ್ಡಿನ ಕೆಳಗೆ "ಸುಲಿಯೋಕೆ ಜನ ಸಿಗ್ತಿಲ್ಲ" ಅಂತಲೋ, "ಮೆಕ್ಕೆಜೋಳ ಮಳೆಗೆ ಸಿಕ್ತು" ಅಂತಲೋ ಒಂದು ಸಾಲು. ನಾನು ಒಂಟೆಯನ್ನ ಬಿ7ಕ್ಕೆ ತಂದೆ. ಮಂತ್ರಿ ಸಿ6ರಲ್ಲಿ, ಬೆನ್ನಿಗೆ ಒಂಟೆ ಬಿ7ರಲ್ಲಿ, ಎರಡೂ ಒಂದೇ ಕರ್ಣದಲ್ಲಿ ಜಿ2ರ ಕಡೆ ಮುಖ ಮಾಡಿ ನಿಂತವು. ಚೆಕ್‌ಮೇಟ್ ತಪ್ಪಿಸೋಕೆ ಅವರು ಮಂತ್ರಿಯನ್ನ ಎಫ್3ಕ್ಕೆ ಅಡ್ಡ ತಂದರು. ನಾನು ಇ4ಕ್ಕೆ ಕಾಲಾಳು ತಳ್ಳಿದೆ. (ಬರ್ಲಿನರ್‌ನ ಅದೇ ನಡೆ, ಬೇರೆ ದಾರಿಯಲ್ಲಿ ಬಂತು. ಆ ಕಾರ್ಡನ್ನ ಡಬ್ಬಿಗೆ ಹಾಕಿ ಬಂದ ರಾತ್ರಿ ಮೆಸ್‌ನ ಚಪಾತಿಯೂ ರುಚಿಯಾಗಿತ್ತು.) ಅವರ ಮಂತ್ರಿ ಬಿ3ಕ್ಕೆ ಸರಿಯಿತು, ಮತ್ತೆ ಎಫ್7ರ ಮೇಲೆ ಕಣ್ಣು. ನಾನು ಅದನ್ನ ಕಾಯೋಕೆ ಹೋಗದೆ ಮಂತ್ರಿ ಕಡೆಗೆ ಕೋಟೆ ಕಟ್ಟಿದೆ. ಪರೀಕ್ಷೆ ಮುಗಿಸಿ ಜನವರಿಯಲ್ಲಿ ಊರಿಗೆ ಹೊರಡೋ ದಿನ ಏಳನೇ ಕಾರ್ಡ್ ಕೈಗೆ ಬಂತು: 2367. ಮಂತ್ರಿ ಎಫ್7ರ ಕಾಲಾಳನ್ನೂ ತಿಂದಿತ್ತು. ಎರಡು ಕಾಲಾಳು ಅವರಿಗೆ ಜಾಸ್ತಿ. ಅವರ ರಾಜನ ಕಡೆಗೆ ತೆರೆದುಕೊಳ್ಳೋಕೆ ಕಾದಿರೋ ಒಂದು ಕರ್ಣ ನನಗೆ.

ಇಲ್ಲಿ ನಮ್ಮ ಮನೆ ವಿಷಯ ಸ್ವಲ್ಪ ಹೇಳಬೇಕು. ದೊಡ್ಡಪ್ಪನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ನಾಲ್ಕು ವರ್ಷದ ಹಿಂದೆ ತೋಟ ಭಾಗ ಆಯ್ತು, ಬೋರ್‌ವೆಲ್ ಒಂದು ಮಾತ್ರ ಜಂಟಿಯಲ್ಲಿ ಉಳೀತು. ನೀರು ಬಿಡೋ ಹೊತ್ತಿನ ವಿಷಯಕ್ಕೆ ಅಪ್ಪಾಜಿಗೂ ದೊಡ್ಡಪ್ಪನಿಗೂ ಮಾತು ಬೆಳೆದು, ಆಮೇಲೆ ಮಾತೇ ನಿಂತು ಹೋಯ್ತು. ಮದುವೆ ಮನೆಯಲ್ಲಿ ಸಿಕ್ಕರೆ ಒಬ್ಬರು ಮೊದಲ ಪಂಕ್ತಿ, ಇನ್ನೊಬ್ಬರು ಎರಡನೇ ಪಂಕ್ತಿ. ನಾನು ಎರಡೂ ಮನೆಗೆ ಹೋಗ್ತೀನಿ, ಬರ್ತೀನಿ, ದೊಡ್ಡಮ್ಮ ರೊಟ್ಟಿ ಹಾಕ್ತಾರೆ. ಆದರೆ ನಡೆಯನ್ನ ಬಾಯಲ್ಲಿ ಹೇಳೋಕೆ ಹೋದರೆ ದೊಡ್ಡಪ್ಪ ಕೈ ಅಡ್ಡ ಹಿಡೀತಾರೆ. "ಊಟ ಬೇರೆ, ಆಟ ಬೇರೆ. ಪೋಸ್ಟಿಗೆ ಹಾಕು." ಹಾಗಾಗಿ ರಜೆಯಲ್ಲೂ ನ್ಯಾಮತಿಯಿಂದ ನ್ಯಾಮತಿಗೆ ಕಾರ್ಡ್. ಪೋಸ್ಟಿನವರು ನನ್ನನ್ನ ನೋಡಿ ನಗೋದನ್ನೂ ನಿಲ್ಲಿಸಿದ್ದರು.

ಪೋಸ್ಟ್ ಕಾರ್ಡಿನ ಗುಣ ಅಂದ್ರೆ ಅದಕ್ಕೆ ಹೊದಿಕೆ ಇಲ್ಲ. ಯಾರು ಬೇಕಾದರೂ ಓದಬಹುದು. ಅಪ್ಪಾಜಿ ಓದ್ತಾರೆ ಅಂತ ನನಗೆ ಗೊತ್ತಿತ್ತು. ಓದಿದ್ದೀನಿ ಅಂತ ಅವರು ಹೇಳ್ತಿರಲಿಲ್ಲ, ಅಷ್ಟೇ. ನಾನು ಜಗಲಿ ಮೇಲೆ ಬೋರ್ಡ್ ಜೋಡಿಸಿಟ್ಟು ಎರಡು ದಿನ ಅದೇ ಸ್ಥಿತಿ ನೋಡ್ತಾ ಕೂತಿದ್ದೆ. ಹೋಗ್ತಾ ಬರ್ತಾ ಅಪ್ಪಾಜಿ ಒಂದು ಕಣ್ಣು ಹಾಯಿಸೋರು. ಕೊನೆಗೆ ನಾನು ತೀರ್ಮಾನ ಮಾಡಿದ್ದು 5453. ಇ4ರ ಕಾಲಾಳು ಇ3ಕ್ಕೆ. ಅದು ಸರಿದ ಕೂಡಲೇ ಸಿ6ರಿಂದ ಜಿ2ರವರೆಗೆ ಕರ್ಣ ಖಾಲಿ, ಮುಂದಿನ ನಡೆಗೆ ಮಂತ್ರಿ ಹೋಗಿ ಜಿ2ರಲ್ಲಿ ಚೆಕ್‌ಮೇಟ್. ಕಾರ್ಡ್ ಬರೆದು ಡಬ್ಬಿಗೆ ಹಾಕಿ ಬಂದೆ. ವಾಪಸ್ ಬಂದಾಗ ಅಪ್ಪಾಜಿ ಬೋರ್ಡ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

"ಅವ್ನು ಇ6ಕ್ಕೆ ಬಂದು ಚೆಕ್ ಕೊಟ್ಟು ಮಂತ್ರಿ ಬದಲಾಯಿಸಿದ್ರೆ?" ಅಂದ್ರು. ಹೌದು, ಅದೊಂದು ದಾರಿ ಇತ್ತು. ಕುದುರೆ ಬೆಂಬಲಕ್ಕಿದೆ. ಮಂತ್ರಿ ಹೋದರೆ ಚೆಕ್‌ಮೇಟ್ ಬೆದರಿಕೆಯೂ ಹೋಯ್ತು.

"ಬದಲಾಯಿಸ್ತಾರಾ?"

"ಅವ್ನಾ? ಮಂತ್ರಿ ಬದಲಾಯಿಸೋದಾ? ಹುಟ್ಟಿದಾಗಿಂದ ನೋಡೀನಿ. ಬದಲಾಯಿಸೋದು ಹೇಡಿಗಳ ಕೆಲಸ ಅಂತಿದ್ದ. ನಾನು ಬದಲಾಯಿಸಿದ್ರೆ ಬೋರ್ಡೇ ಎತ್ತಿ ಬಿಡೋನು."

ಅಪ್ಪಾಜಿ ಚೆಸ್ ಆಡ್ತಿದ್ದರು ಅನ್ನೋದೇ ನನಗೆ ಆವತ್ತು ಗೊತ್ತಾಗಿದ್ದು. ಜಗಲಿ ಮೇಲಿನ ಇದ್ದಿಲು ಗೆರೆಯ ಎರಡನೇ ಕಡೆ ಕೂರ್ತಿದ್ದದ್ದು ಇವರು. ಅಣ್ಣ ಎಲ್ಲವನ್ನೂ ಕೊಟ್ಟು ಹೊಡೆಯೋನು, ತಮ್ಮ ಸಿಕ್ಕಿದ್ದನ್ನ ಬದಲಾಯಿಸಿಕೊಂಡು, ಮನೆ ಕಾಯ್ಕೊಂಡು, ಕೊನೆಗೆ ಒಂದು ಕಾಲಾಳು ಉಳಿಸಿಕೊಂಡು ಗೆಲ್ಲೋನು. ಯಾರು ಜಾಸ್ತಿ ಗೆಲ್ತಿದ್ರಿ ಅಂತ ಕೇಳಿದೆ. "ಲೆಕ್ಕ ಇಟ್ಟಿಲ್ಲ" ಅಂದ್ರು. ಇಟ್ಟಿದ್ದಾರೆ ಅಂತ ಮುಖದಲ್ಲಿ ಕಾಣ್ತಿತ್ತು.

ಮೂರನೇ ದಿನ ಮಧ್ಯಾಹ್ನ ಕಾರ್ಡ್ ಬಂದಾಗ ನಾನು ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದೆ. ಬಂದು ನೋಡಿದರೆ ಬೋರ್ಡಿನ ಮೇಲೆ ಬಿಳಿ ಮಂತ್ರಿ ಆಗಲೇ ಇ6ರಲ್ಲಿ ನಿಂತಿತ್ತು. ಕಾರ್ಡ್ ಅಪ್ಪಾಜಿ ಅಂಗಿ ಜೇಬಿನಲ್ಲಿತ್ತು. ಕೇಳಿದ್ದಕ್ಕೆ ತೆಗೆದು ಕೊಟ್ಟರು.

"6756. ಚೆಕ್. ನಿಮ್ಮಪ್ಪ ಆಗಿದ್ರೆ ಇದನ್ನೇ ಆಡ್ತಿದ್ದ."

ಅಪ್ಪಾಜಿ ಆವತ್ತು ಅಡಿಕೆ ಬೇಯಿಸೋ ಹಂಡೆ ಹತ್ತಿರ ಹೋಗೋದನ್ನೂ ಮರೆತರು. ಅಮ್ಮ ಬೈದ ಮೇಲೆ ಹೋದವರು ಅರ್ಧ ಗಂಟೆಗೆ ವಾಪಸ್ ಬಂದರು. ಮಂತ್ರಿಯನ್ನ ಮಂತ್ರಿಯಿಂದ ತಿನ್ನಬೇಕು, ಅವರ ಕುದುರೆ ಅದನ್ನ ತಿಂದು ಇ6ಕ್ಕೆ ಬಂದು ಕೂರುತ್ತೆ, ಅಲ್ಲಿಂದ ಡಿ8ರ ನನ್ನ ಆನೆಗೆ ಗುರಿ. ಅಲ್ಲಿಯವರೆಗೆ ನನಗೂ ಕಾಣ್ತಿತ್ತು. ಆನೆಯನ್ನ ಎಲ್ಲಿಗೆ ಸರಿಸೋದು ಅಂತ ನಾನು ನೋಡ್ತಿದ್ದೆ. ಅಪ್ಪಾಜಿ ಇ3ರ ಕಾಲಾಳಿನ ತಲೆ ಮೇಲೆ ಬೆರಳಿಟ್ಟರು. "ಇದನ್ನ ಇನ್ನೊಂದು ಮನೆ ತಳ್ಳು. ಇ2. ಅವ್ನ ಆನೆ ಇದರ ಬಾಯಲ್ಲಿ. ಅವ್ನು ನಿನ್ನ ಆನೆ ತಿಂದ್ರೆ ನೀನು ಅವನ್ದು ತಿಂದು ಮಂತ್ರಿ ಆಗಿ ಚೆಕ್ ಕೊಡ್ತೀಯ. ಅವ್ನ ರಾಜ ಆ ಮಂತ್ರೀನ ತಿಂತಾನೆ, ನಿನ್ನ ರಾಜ ಆ ಕುದುರೇನ ತಿಂತಾನೆ. ಲೆಕ್ಕ ಹಾಕು."

ಲೆಕ್ಕ ಹಾಕಿದೆ. ಆನೆಗೆ ಆನೆ ಸರಿಹೋಗಿ, ಒಂದು ಕಾಲಾಳಿಗೆ ಒಂದು ಕುದುರೆ ನನಗೆ ಸಿಗ್ತಿತ್ತು. ಮಂತ್ರಿ ಇಲ್ಲದೆಯೂ ದಾಳಿ ಉಳಿದಿತ್ತು.

"ಅಪ್ಪಾಜಿ, ಬೇರೆಯವರನ್ನ ಕೇಳಿ ಆಡಬಹುದಾ?"

"ಮಷಿನ್ ನೋಡಬ್ಯಾಡ ಅಂದಾನೆ. ನನ್ನ ನೋಡಬ್ಯಾಡ ಅಂದಾನಾ?"

ಅಂದಿಲ್ಲ. ಷರತ್ತು ಷರತ್ತೇ. ಕಾರ್ಡ್ ತೆಗೆದು ಪೆನ್ನು ಹುಡುಕುವಷ್ಟರಲ್ಲಿ ಅವರೇ ಕೂತು ಬರೆಯೋಕೆ ಶುರು ಮಾಡಿದ್ದರು. ಅಂಕಿ ಪದ್ಧತಿ ನಾನು ಹೇಳಿಕೊಟ್ಟೇ ಇಲ್ಲ. ಆ ಎಲ್ಲ ಕಾರ್ಡುಗಳನ್ನ ಓದಿ ಓದಿ ಕಲಿತುಕೊಂಡಿದ್ದರು. "3656. 7556 ಆದರೆ 5352." ಸಹಿ ಇಲ್ಲ. ಆದರೆ ಅಪ್ಪಾಜಿಯ 5 ಅಂಕಿಗೆ ಮೇಲೆ ಒಂದು ಟೋಪಿ ಇರುತ್ತೆ, ಇಡೀ ನ್ಯಾಮತಿಯ ಅಡಿಕೆ ಮಂಡಿಗಳಿಗೆ ಅದು ಗೊತ್ತು. ಅಣ್ಣನಿಗೆ ಗೊತ್ತಾಗದೇ ಇರುತ್ತಾ?

ಅದಕ್ಕೆ ಉತ್ತರ ಬರುವ ಮೊದಲೇ ಕಾಲೇಜು ಶುರುವಾಗಿ ನಾನು ಇಲ್ಲಿಗೆ ಬಂದೆ. ಒಂದು ವಾರ ಆಯ್ತು, ಹತ್ತು ದಿನ ಆಯ್ತು, ಹಾಸ್ಟೆಲ್‌ಗೆ ಕಾರ್ಡ್ ಬರಲೇ ಇಲ್ಲ. ಹಬ್ಬಕ್ಕೆ ಪೋಸ್ಟ್ ತಡವಾಗಿರಬೇಕು ಅಂದ್ಕೊಂಡೆ. ಮೊನ್ನೆ ರಾತ್ರಿ ಅಪ್ಪಾಜಿಯ ವಾಟ್ಸಾಪ್‌ನಿಂದ ಒಂದು ಫೋಟೊ ಬಂತು. ಓರೆಯಾಗಿ ತೆಗೆದದ್ದು, ಅರ್ಧ ಹೆಬ್ಬೆರಳು ಅಡ್ಡ. ದೊಡ್ಡಪ್ಪನ ಕಾರ್ಡ್. ವಿಳಾಸದ ಜಾಗದಲ್ಲಿ ನನ್ನ ಹೆಸರಿಲ್ಲ, ಅಪ್ಪಾಜಿಯ ಹೆಸರಿದೆ. ಎರಡನೇ ಫೋಟೊದಲ್ಲಿ ಹಿಂದಿನ ಮಗ್ಗುಲು:

"6151. ಬೋರ್ ಮೋಟಾರ್ ಸುಟ್ಟೈತೆ, ರಿವೈಂಡಿಂಗ್‌ಗೆ ಹಾಕೀನಿ. ಅರ್ಧ ದುಡ್ಡು ಕೊಡೋದು."

ಅಂದ್ರೆ ದೊಡ್ಡಪ್ಪ ಆನೆಯನ್ನ ಇ1ಕ್ಕೆ ಸರಿಸಿ ಉಳಿಸಿಕೊಂಡಿದ್ದಾರೆ. ನನ್ನ ಕಾಲಾಳು ಇ2ರಲ್ಲಿ, ಅವರ ಅಂಗಳದಲ್ಲಿ, ಇನ್ನೂ ಜೀವಂತ. ನನ್ನ ಡಿ8ರ ಆನೆ ಮಾತ್ರ ಇನ್ನೂ ಕುದುರೆಯ ಬಾಯಲ್ಲೇ ಇದೆ. ಫೋಟೊ ಕೆಳಗೆ ಅಪ್ಪಾಜಿ ಟೈಪ್ ಮಾಡಿದ್ದಾರೆ: "ದುಡ್ಡು ಕಳಿಸಿದೆ. ಆನೆ ಇ8ಕ್ಕೆ ಹಾಕಿದ್ರೆ ಹೆಂಗೆ? ನಾಳೆ ಸಂಜೆ ಒಳಗೆ ಹೇಳು, ಕಾರ್ಡ್ ಬರೀಬೇಕು." ನಾಡಿದ್ದು ಇಂಟರ್ನಲ್ಸ್ ಇದೆ. ರೂಂಮೇಟ್ ಬೋರ್ಡ್ ಮೇಲಿಟ್ಟಿದ್ದ ಬಟ್ಟೆಗಳನ್ನ ತೆಗೆದು ಕಾಯಿ ಜೋಡಿಸ್ತಾ ಇದ್ದೀನಿ.